ಉಳಿಸಿ ಒತ್ತಿದ್ರೆ ಅಳಿಸಿ ಆಗೋದ್ಯಾಕೆ? ಬಟನ್ ಅಳತೆಯ ಕಥೆ

ಥರ್ಡ್ ಸೆಮ್ ರಜೆಯಲ್ಲಿ ನಾನು ಪೈಥಾನ್ ಮತ್ತು ಟಿಕಿಂಟರ್ ಬಳಸಿ ಒಂದು ಬಿಲ್ಲಿಂಗ್ ಆ್ಯಪ್ ಮಾಡಿದ್ದೆ. ನಮ್ಮ ಸೋದರಮಾವನದು ಊರಲ್ಲಿ ಒಂದು ಹಾರ್ಡ್‌ವೇರ್ ಅಂಗಡಿ. ಬಿಲ್ ಬರೆಯೋದು ಅತ್ತೆ. ಅವರಿಗೆ ಇಂಗ್ಲಿಷ್ ಬಟನ್ ಬೇಡ ಅಂತ ಎಲ್ಲವನ್ನೂ ಕನ್ನಡದಲ್ಲೇ ಇಟ್ಟೆ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದವನು ಕನ್ನಡದಲ್ಲಿ ಆ್ಯಪ್ ಮಾಡಿದೆ ಅಂತ ಸ್ವಲ್ಪ ಜಂಬನೂ ಇತ್ತು.

ನಾಲ್ಕನೇ ದಿನ ಅತ್ತೆ ಫೋನ್ ಮಾಡಿದ್ರು. "ಲೋ, ನಿನ್ನ ಕಂಪ್ಯೂಟರು ಬಿಲ್ ನುಂಗ್ಬಿಡ್ತು ಕಣೋ. ನಾನು ಉಳಿಸಿನೇ ಒತ್ತಿದ್ದು."

"ಇಲ್ಲ ಅತ್ತೆ, ನೀವು ಅಳಿಸಿ ಒತ್ತಿರ್ತೀರ" ಅಂದೆ. ಒಂದೇ ಅಕ್ಷರದ ವ್ಯತ್ಯಾಸ, ಕಣ್ತಪ್ಪಿರತ್ತೆ ಅಂದ್ಕೊಂಡೆ. ಹೋದದ್ದು ಸಾಲದ ಬಿಲ್. ಯಾರು ಎಷ್ಟು ಪೈಪ್ ತಗೊಂಡ್ರು ಅಂತ ಅವರು ನೆನಪಿನಿಂದ ಬರೀಬೇಕಾಯ್ತು. ಮಾರನೇ ದಿನದಿಂದ ಮತ್ತೆ ಹಳೇ ನೋಟ್‌ಬುಕ್ಕು.

ಊರಿಗೆ ಹೋಗಿ ಅವರ ಪಕ್ಕದಲ್ಲೇ ಕೂತು ನೋಡಿದಾಗ ಗೊತ್ತಾಯ್ತು, ತಪ್ಪು ಅವರದಲ್ಲ.

ಆಗಿದ್ದೇನು?

ಕೆಳಗಡೆ ಎಡದಿಂದ ಬಲಕ್ಕೆ ಮೂರು ಬಟನ್: "ನಗದು", "ಅಳಿಸಿ", "ಉಳಿಸಿ". ಮೊದಲನೇದು ಒತ್ತಿದ್ರೆ ನಗದಿನಿಂದ ಸಾಲಕ್ಕೆ ಬದಲಾಗಿ, ಅದರ ಮೇಲಿನ ಪದ "ಖಾತೆಗೆ ಬರೆಯಿರಿ" ಆಗತ್ತೆ. ಟಿಕಿಂಟರ್‌ನಲ್ಲಿ ನಾವು ಏನೂ ಹೇಳದಿದ್ರೆ ಪ್ರತಿ ಬಟನ್ ತನ್ನ ಪದಕ್ಕೆ ತಕ್ಕಷ್ಟೇ ಅಗಲ ಆಗತ್ತೆ. ಪದ ಉದ್ದ ಆದಾಗ ಮೊದಲನೇ ಬಟನ್ ಅಗಲ ಆಯ್ತು, ಪಕ್ಕದ ಎರಡೂ ಬಲಕ್ಕೆ ಸರಿದವು. ಆಗ "ಉಳಿಸಿ" ಇದ್ದ ಜಾಗಕ್ಕೆ ಬಂದು ನಿಂತಿದ್ದು "ಅಳಿಸಿ".

ದಿನಾ ನೂರು ಸಲ ಒತ್ತೋರು ಪದ ಓದಲ್ಲ, ಕೈ ತಾನಾಗೇ ಆ ಜಾಗಕ್ಕೆ ಹೋಗತ್ತೆ. ಹಾಗಾಗಿ ಬಟನ್‌ಗಳು ಒಂದೇ ಅಳತೆ ಇರ್ಬೇಕು ಅನ್ನೋದು ಬರೀ ಅಂದದ ವಿಷಯ ಅಲ್ಲ. ಅಳತೆ ಬದಲಾದ್ರೆ ಜಾಗ ಬದಲಾಗತ್ತೆ, ಜಾಗ ಬದಲಾದ್ರೆ ಕೈ ತಪ್ಪತ್ತೆ.

ಮೊದಲ ಪ್ರಯತ್ನ: ವಿಡ್ತ್ ಕೊಡೋದು

ಎಲ್ಲರೂ ಮೊದಲು ಮಾಡೋದು ಇದನ್ನೇ. ಬಟನ್‌ಗೆ ವಿಡ್ತ್ ಅಂತ ಒಂದು ಸಂಖ್ಯೆ ಕೊಡ್ಬಹುದು. ನಾನು "ಖಾತೆಗೆ ಬರೆಯಿರಿ" ಎಣಿಸಿದೆ: ಏಳು ಅಕ್ಷರ, ಒಂದು ಖಾಲಿ ಜಾಗ. 8 ಕೊಟ್ಟೆ. ಪದ ಕತ್ತರಿಸಿಹೋಯ್ತು.

ಯಾಕಂದ್ರೆ ಆ 8 ಪಿಕ್ಸೆಲ್ ಅಲ್ಲ, ಕನ್ನಡ ಅಕ್ಷರಗಳ ಲೆಕ್ಕನೂ ಅಲ್ಲ. ಆ ಫಾಂಟ್‌ನಲ್ಲಿ ಸೊನ್ನೆ ಅಂಕಿ ಎಷ್ಟು ಅಗಲ ಇದೆಯೋ ಅದರ ಎಂಟರಷ್ಟು. ನಮ್ಮ "ಖಾ", "ಯಿ" ಎಲ್ಲ ಸೊನ್ನೆಗಿಂತ ಅಗಲ. ಸರಿ, ಪೈಥಾನ್‌ನ ಲೆನ್ ಫಂಕ್ಷನ್ನನ್ನೇ ಕೇಳೋಣ ಅಂದ್ರೆ ಅದು 14 ಅಂತು, ಸ್ವರಚಿಹ್ನೆಗಳನ್ನೂ ಬೇರೆ ಬೇರೆ ಎಣಿಸತ್ತೆ. 14 ಕೊಟ್ಟಾಗ ಪದ ಸರಿಯಾಗಿ ಕೂತಿತು, ಆದ್ರೆ ಅದು ಬರೀ ಅದೃಷ್ಟ. "ಸ್ತ್ರೀ" ಅನ್ನೋದು ನಮ್ಮ ಕಣ್ಣಿಗೆ ಒಂದೇ ಅಕ್ಷರ, ಲೆನ್‌ಗೆ 6. ಅಂದ್ರೆ ಕನ್ನಡದಲ್ಲಿ ಎಣಿಕೆಯಿಂದ ಅಗಲ ಗೊತ್ತಾಗಲ್ಲ, ಅಳೆದೇ ನೋಡ್ಬೇಕು.

ಎರಡನೇ ಪ್ರಯತ್ನ: ಪಿಕ್ಸೆಲ್ ಲೆಕ್ಕ

ಪ್ಲೇಸ್ ಅನ್ನೋ ವಿಧಾನದಲ್ಲಿ ಪ್ರತಿ ಬಟನ್‌ಗೆ ಇಂಥ ಜಾಗ, ಇಷ್ಟು ಪಿಕ್ಸೆಲ್ ಅಂತ ನಾವೇ ಹೇಳ್ಬಹುದು. ನನ್ನ ಲ್ಯಾಪ್‌ಟಾಪ್‌ನಲ್ಲಿ ಅಚ್ಚುಕಟ್ಟಾಗಿ ಬಂತು. ಅಂಗಡೀಲಿ ಅತ್ತೆ "ಅಕ್ಷರ ಚಿಕ್ಕದು, ಕಾಣಲ್ಲ" ಅಂದ್ರು. ಫಾಂಟ್ 11ರಿಂದ 15 ಮಾಡಿದೆ. ಪದ ಬೆಳೀತು, ಡಬ್ಬ ಬೆಳೀಲಿಲ್ಲ. ಮತ್ತೆ ಕತ್ತರಿ.

ಸರಿಯಾದ ದಾರಿ: ಲೇಔಟ್‌ಗೆ ಬಿಡೋದು

ಈ ಟೂಲ್‌ಕಿಟ್‌ಗಳ ಒಳಗೆ ನಡೆಯೋದು ಒಂದು ಮಾತುಕತೆ. ಪ್ರತಿ ವಿಜೆಟ್ "ನನಗೆ ಕನಿಷ್ಠ ಇಷ್ಟು ಜಾಗ ಬೇಕು" ಅಂತ ಕೇಳತ್ತೆ. ಅವನ್ನು ಹಿಡಿದಿರೋ ಫ್ರೇಮ್ ಎಲ್ಲರದ್ದೂ ಕೇಳಿ ಜಾಗ ಹಂಚತ್ತೆ. ಒಂದೇ ಅಳತೆ ಬೇಕಂದ್ರೆ ನಾವು ಸಂಖ್ಯೆ ಕೊಡ್ಬೇಕಾಗಿಲ್ಲ, "ಇವರೆಲ್ಲ ಒಂದೇ ಗುಂಪು" ಅಂತ ಹೇಳಿದ್ರೆ ಸಾಕು. ಆಗ ಗುಂಪಿನಲ್ಲಿ ಅತಿ ದೊಡ್ಡದು ಕೇಳಿದ ಅಳತೆಯೇ ಎಲ್ಲರಿಗೂ. ಅಮ್ಮ ಅಣ್ಣನ ಅಳತೆಗೇ ತಮ್ಮನಿಗೂ ಯೂನಿಫಾರ್ಮ್ ಹೊಲಿಸ್ತಾರಲ್ಲ, ಹಾಗೆ.

ಟಿಕಿಂಟರ್‌ನಲ್ಲಿ ಆ ಆಯ್ಕೆಯ ಹೆಸರೂ ಯೂನಿಫಾರ್ಮ್ ಅಂತಲೇ! ಗ್ರಿಡ್ ಬಳಸಿ, ಮೂರೂ ಕಾಲಂಗಳಿಗೆ ವೇಟ್ 1 ಕೊಟ್ಟು, ಯೂನಿಫಾರ್ಮ್‌ಗೆ ಒಂದೇ ಹೆಸರು ಕೊಡಿ. ಒಂದು ವಿಷಯ ಮರೀಬೇಡಿ: ಇದರಿಂದ ಸಮ ಆಗೋದು ಕಾಲಂ, ಬಟನ್ ಅಲ್ಲ. ಬಟನ್ ಕಾಲಂ ತುಂಬ ಹರಡ್ಬೇಕಾದ್ರೆ ಸ್ಟಿಕಿ ಆಯ್ಕೆಯಲ್ಲಿ ಪೂರ್ವ-ಪಶ್ಚಿಮ ಎರಡೂ ದಿಕ್ಕು ಕೊಡ್ಬೇಕು. ನಾನು ಇದನ್ನು ಮರೆತು ಒಂದು ಸಂಜೆ ಹಾಳು ಮಾಡ್ಕೊಂಡೆ.

ಆದ್ರೂ ಬಟನ್ ಸರೀತು!

ಮೂರೂ ಒಂದೇ ಅಳತೆ ಆದ್ವು. ಖುಷಿಯಿಂದ "ನಗದು" ಒತ್ತಿದೆ. ಪದ ಉದ್ದ ಆಯ್ತು, ಈಗ ಮೂರೂ ಸೇರಿ ಅಗಲ ಆದ್ವು, ಮತ್ತೆ ಜಾಗ ಬದಲು. ಯಾಕಂದ್ರೆ ಗುಂಪಿಗೆ ಗೊತ್ತಿರೋದು ಈ ಕ್ಷಣ ಕಾಣ್ತಿರೋ ಪದ ಮಾತ್ರ, ಮುಂದೆ ಬರಬಹುದಾದದ್ದಲ್ಲ.

ಹಾಗಾಗಿ ಬಟನ್ ಮೇಲೆ ಬರಬಹುದಾದ ಎಲ್ಲ ಪದಗಳನ್ನೂ ಶುರುವಿನಲ್ಲೇ ಒಂದೊಂದಾಗಿ ಹಾಕಿ, ಪ್ರತಿ ಸಲ ರಿಕ್ವೆಸ್ಟೆಡ್ ವಿಡ್ತ್ ಎಷ್ಟು ಅಂತ ಕೇಳಿ, ಅದರಲ್ಲಿ ದೊಡ್ಡದನ್ನು ಕಾಲಂಗಳ ಮಿನ್‌ಸೈಜ್ ಮಾಡಿದೆ. ಈಗ ಫಾಂಟ್ 15 ಇರಲಿ 20 ಇರಲಿ, ಆ್ಯಪ್ ತಾನೇ ಅಳೆದುಕೊಳ್ಳತ್ತೆ. ಪದ ಬದಲಾದ್ರೂ ಬಟನ್ ಕದಲಲ್ಲ.

ಬೇರೆ ಟೂಲ್‌ಕಿಟ್‌ಗಳಲ್ಲಿ

ಟಿಕಿಂಟರ್‌ನ ಯೂನಿಫಾರ್ಮ್ ಒಂದು ಫ್ರೇಮ್ ಒಳಗೆ ಮಾತ್ರ ನಡೆಯತ್ತೆ. ಬೇರೆ ಬೇರೆ ಫ್ರೇಮ್‌ಗಳಲ್ಲಿರೋ ಬಟನ್‌ಗಳನ್ನು ಸಮ ಮಾಡೋಕೆ ಮೇಲಿನ ಹಾಗೆ ಅಳೆದು, ಎಲ್ಲ ಫ್ರೇಮ್‌ಗಳಿಗೂ ಅದೇ ಮಿನ್‌ಸೈಜ್ ಕೊಡ್ಬೇಕು. ಜಿಟಿಕೆಯಲ್ಲಿ 2002ರ 2.0 ಆವೃತ್ತಿಯಿಂದಲೇ ಸೈಜ್‌ಗ್ರೂಪ್ ಅನ್ನೋದಿದೆ. ವಿಜೆಟ್‌ಗಳು ಎಲ್ಲೇ ಇದ್ರೂ ಗುಂಪಿಗೆ ಸೇರಿಸ್ಬಹುದು, ಅಗಲ ಮಾತ್ರನಾ, ಎತ್ತರ ಮಾತ್ರನಾ, ಎರಡೂನಾ ಅಂತ ಆರಿಸ್ಬಹುದು. ಡಬ್ಲ್ಯುಪಿಎಫ್‌ನಲ್ಲಿ ಶೇರ್ಡ್‌ಸೈಜ್‌ಗ್ರೂಪ್, ಜಾವಾ ಸ್ವಿಂಗ್‌ನ ಗ್ರೂಪ್‌ಲೇಔಟ್‌ನಲ್ಲಿ ಲಿಂಕ್‌ಸೈಜ್ ಇವೆ. ಹೆಸರು ಬೇರೆ, ಯೋಚನೆ ಒಂದೇ.

ಎಲ್ಲವನ್ನೂ ಸಮ ಮಾಡ್ಬೇಡಿ

ಉತ್ಸಾಹದಲ್ಲಿ ನಾನು "ಹಿಂದಿನ ತಿಂಗಳ ಲೆಕ್ಕ ತೋರಿಸಿ" ಅನ್ನೋ ಬಟನ್ನನ್ನೂ ಅದೇ ಗುಂಪಿಗೆ ಹಾಕಿದೆ. "ಉಳಿಸಿ" ಬಟನ್ ಬಸ್ಸಿನ ಬೋರ್ಡಿನಷ್ಟು ಉದ್ದ ಆಯ್ತು. ಒಂದೇ ಕೆಲಸದ, ಒಂದೇ ಸಾಲಿನ ಬಟನ್‌ಗಳು ಮಾತ್ರ ಒಂದು ಗುಂಪು. ಟೈಪ್ ಮಾಡೋ ಬಾಕ್ಸ್‌ಗಳೂ ಅಷ್ಟೆ. ಪಿನ್‌ಕೋಡ್‌ಗೆ ಆರು ಅಂಕಿಯ ಜಾಗ, ವಿಳಾಸಕ್ಕೆ ಉದ್ದದ ಜಾಗ ಇದ್ರೆ, ಏನು ಬರೀಬೇಕು ಅಂತ ಬಾಕ್ಸೇ ಹೇಳತ್ತೆ. ಕನ್ನಡಕ್ಕೆ ಇನ್ನೊಂದು ಮಾತು: ಒತ್ತಕ್ಷರ ಕೆಳಗೆ ಇಳಿಯತ್ತೆ, ಹಾಗಾಗಿ ಎತ್ತರದಲ್ಲೂ ಸ್ವಲ್ಪ ಹೆಚ್ಚು ಜಾಗ ಬಿಡಿ.

ಇನ್ನೂ ಎರಡು ತಪ್ಪು ತಿದ್ದಿದೆ. "ಅಳಿಸಿ"ಯನ್ನು "ಉಳಿಸಿ" ಪಕ್ಕದಿಂದ ಎತ್ತಿ ಆ ಕಡೆ ತುದಿಗೆ ಹಾಕಿದೆ. ಅಳಿಸೋ ಮೊದಲು "ಖಂಡಿತಾನಾ?" ಅಂತ ಕೇಳೋ ಹಾಗೆ ಮಾಡಿದೆ. ಇವೆರಡು ಮೊದಲೇ ಇದ್ದಿದ್ರೆ ಆ ಬಿಲ್ ಹೋಗ್ತಿರ್ಲಿಲ್ಲ.

ಅತ್ತೆ ಈಗ ಮತ್ತೆ ಆ್ಯಪ್ ಬಳಸ್ತಿದ್ದಾರೆ. ಆದ್ರೆ ಸಾಲದ ಬಿಲ್ಲನ್ನು ನೋಟ್‌ಬುಕ್‌ನಲ್ಲೂ ಬರೀತಾರೆ. "ಇನ್ನೂ ನಂಬಿಕೆ ಬಂದಿಲ್ವಾ ಅತ್ತೆ?" ಅಂತ ಕೇಳಿದೆ. "ನಿನ್ನ ಮೇಲೆ ಇದೆ ಕಣೋ, ಬಟನ್ ಮೇಲೆ ಇನ್ನೊಂದು ತಿಂಗಳು ನೋಡೋಣ" ಅಂದ್ರು.

ನೀವು ಮಿನಿ ಪ್ರಾಜೆಕ್ಟ್ ತೋರಿಸೋ ಮೊದಲು ಒಂದು ಕೆಲಸ ಮಾಡಿ. ಫಾಂಟ್ ದೊಡ್ಡದು ಮಾಡಿ, ಪದಗಳನ್ನು ಕನ್ನಡಕ್ಕೆ ಬದಲಾಯಿಸಿ, ಎಲ್ಲ ಬಟನ್ ಒಂದೊಂದು ಸಲ ಒತ್ತಿ. ಏನಾದ್ರೂ ಕದಲಿದ್ರೆ ಅಲ್ಲೇ ತಿದ್ದಿ. ಅಂಗಡಿ ತನಕ ಹೋಗೋದು ಬೇಡ.