ಅಹವಾಲಿನಿಂದ ಒಪ್ಪಿಗೆಯವರೆಗೆ

ಪ್ರಜೆಗಳ ಒಪ್ಪಿಗೆಯಿಲ್ಲದೆ ಯಾವ ಸರ್ಕಾರಕ್ಕೂ ಕಾನೂನು ಮಾಡುವ ಹಕ್ಕಿಲ್ಲ ಎಂಬ ವಾದವನ್ನು 17ನೇ ಶತಮಾನದ ಇಂಗ್ಲೆಂಡಿನಲ್ಲಿ ಜಾನ್ ಲಾಕ್ ವಿಸ್ತಾರವಾಗಿ ಮಂಡಿಸಿದ. ಜನರ ಅಥವಾ ಅವರ ಪ್ರತಿನಿಧಿಗಳ ಸಮ್ಮತಿಯಿಲ್ಲದೆ ತೆರಿಗೆ ಎತ್ತುವಂತಿಲ್ಲ ಎಂದೂ ಅವನು ಹೇಳಿದ. 1776ರ ಅಮೆರಿಕದ ಸ್ವಾತಂತ್ರ್ಯ ಘೋಷಣೆ ಈ ತತ್ತ್ವವನ್ನೇ ಎತ್ತಿಹಿಡಿಯಿತು. ಗುಲಾಮರನ್ನಾಗಲಿ ಹೆಂಗಸರನ್ನಾಗಲಿ ಮಾತ್ರ ಯಾರೂ ಕೇಳಲಿಲ್ಲ. ಹಾಗಾಗಿ ಒಪ್ಪಿಗೆ ಯಾರದು, ಬೇಡವೆನ್ನಲು ಅವರಿಗೆ ಅವಕಾಶವಿತ್ತೇ ಎಂಬ ಪ್ರಶ್ನೆಗಳು ಏಳುತ್ತವೆ. ಮೈಸೂರು ಸಂಸ್ಥಾನದ ಚರಿತ್ರೆಯಲ್ಲಿ ಇವೆರಡಕ್ಕೂ ಉತ್ತರ ದೊರೆಯಲು ಏಳು ದಶಕ ಹಿಡಿಯಿತು.

1881ರಲ್ಲಿ ಬ್ರಿಟಿಷರು ರಾಜ್ಯವನ್ನು ಚಾಮರಾಜ ಒಡೆಯರಿಗೆ ಮರಳಿಸಿದರು. ಅದೇ ವರ್ಷ ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆಯನ್ನು ಆರಂಭಿಸಿದರು. ಮೊದಲ ಸಭೆಯ ಸದಸ್ಯರು 144 ಮಂದಿ. ಬಹುಪಾಲು ಜಮೀನುಳ್ಳ ರೈತರು ಮತ್ತು ವರ್ತಕರು. ದಸರೆಯ ಹೊತ್ತಿಗೆ ಮೈಸೂರಿನಲ್ಲಿ ಸೇರುತ್ತಿದ್ದ ಅವರ ಮುಂದೆ ದಿವಾನರು ವರ್ಷದ ಆಡಳಿತದ ವರದಿ, ಜಮಾಖರ್ಚು ಓದುತ್ತಿದ್ದರು. ಆಮೇಲೆ ಸದಸ್ಯರು ತಮ್ಮ ತಮ್ಮ ತಾಲ್ಲೂಕಿನ ಕುಂದುಕೊರತೆಗಳ ಅಹವಾಲು ಸಲ್ಲಿಸುತ್ತಿದ್ದರು. ಬೊಕ್ಕಸದ ಲೆಕ್ಕವನ್ನು ರೈತನೆದುರು ಬಿಚ್ಚಿಡುವುದು ಆ ಕಾಲಕ್ಕೆ ದೊಡ್ಡ ಮಾತೇ ಸರಿ. ಆದರೆ ಕಂದಾಯ ಹೆಚ್ಚಾಯಿತೆಂದು ಅಲ್ಲಿ ದೂರಿಕೊಳ್ಳಬಹುದಿತ್ತು. ಹೆಚ್ಚಿಸಕೂಡದೆಂದು ತಡೆಯುವ ಅಧಿಕಾರವಿರಲಿಲ್ಲ.

1891ರಲ್ಲಿ ಚುನಾವಣೆ ಬಂತು. ಆದರೆ ಮತದ ಹಕ್ಕು ಸಿಕ್ಕಿದ್ದು ಆಸ್ತಿ, ತೆರಿಗೆ, ವಿದ್ಯೆಯ ಅರ್ಹತೆಯಿದ್ದವರಿಗೆ ಮಾತ್ರ. 1907ರಲ್ಲಿ ಕಾನೂನು ರಚನೆಗಾಗಿ ನ್ಯಾಯವಿಧಾಯಕ ಸಭೆ ಹುಟ್ಟಿತು. ಹೊಸ ತೆರಿಗೆ ಹಾಕುವ ಮುನ್ನ ಪ್ರಜಾಪ್ರತಿನಿಧಿ ಸಭೆಯ ಅಭಿಪ್ರಾಯ ಕೇಳಬೇಕೆಂದು 1923ರ ಕಾಯಿದೆ ವಿಧಿಸಿತು. ಕೇಳಿದ ಮೇಲೆ ಒಪ್ಪಲೇಬೇಕೆಂಬ ಕಟ್ಟುಪಾಡಿರಲಿಲ್ಲ. ಕೊನೆಯ ಮಾತು ಮಹಾರಾಜರದೇ. ದಿವಾನರು ಉತ್ತರ ಕೊಡಬೇಕಾದದ್ದೂ ಅವರಿಗೇ.

ಈ ಕೊರತೆಯ ವಿರುದ್ಧವೇ ಎದ್ದದ್ದು ಜನಪ್ರತಿನಿಧಿಗಳಿಗೆ ಉತ್ತರ ಕೊಡುವ ‘ಜವಾಬ್ದಾರಿ ಸರ್ಕಾರ’ಕ್ಕಾಗಿ ಚಳವಳಿ. ಕಾಂಗ್ರೆಸ್ಸಿಗರು 1938ರಲ್ಲಿ ಶಿವಪುರದಲ್ಲಿ ನಿಷೇಧ ಮುರಿದು ಧ್ವಜ ಹಾರಿಸಿದರು. ಅದೇ ತಿಂಗಳು ವಿದುರಾಶ್ವತ್ಥದಲ್ಲಿ ಪೊಲೀಸರ ಗುಂಡಿಗೆ ಜನ ಬಲಿಯಾದರು. ದೇಶ ಸ್ವತಂತ್ರವಾದ ಮೇಲೂ ಮೈಸೂರಿನಲ್ಲಿ ದಿವಾನರ ಆಡಳಿತವೇ ಮುಂದುವರಿದಾಗ, 1947ರ ಸೆಪ್ಟೆಂಬರ್‌ನಲ್ಲಿ ‘ಮೈಸೂರು ಚಲೋ’ ಚಳವಳಿ ಆರಂಭವಾಯಿತು. ಅಕ್ಟೋಬರ್‌ನಲ್ಲಿ ಕೆ.ಸಿ. ರೆಡ್ಡಿ ನೇತೃತ್ವದ ಮಂತ್ರಿಮಂಡಲ ಅಧಿಕಾರಕ್ಕೆ ಬಂತು. 1949ರ ನವೆಂಬರ್‌ನಲ್ಲಿ ಜಯಚಾಮರಾಜ ಒಡೆಯರು ಭಾರತದ ಸಂವಿಧಾನವನ್ನು ಮೈಸೂರಿಗೂ ಒಪ್ಪಿ ಘೋಷಣೆ ಹೊರಡಿಸಿದರು.

ಆ ಸಂವಿಧಾನ ಬರೆದ ಸಭೆಯನ್ನೂ ವಯಸ್ಕರೆಲ್ಲ ಸೇರಿ ಆರಿಸಿರಲಿಲ್ಲ. ಅದರ ಸದಸ್ಯರಲ್ಲಿ ಹೆಚ್ಚಿನವರನ್ನು ಕಳಿಸಿದ್ದು ಸೀಮಿತ ಮತದಾನದಿಂದ ಬಂದ ಪ್ರಾಂತೀಯ ಶಾಸನಸಭೆಗಳು. ಆದರೆ ಅದೇ ಸಭೆ ಆಸ್ತಿ, ಅಕ್ಷರ, ಲಿಂಗದ ತಡೆಗಳನ್ನೆಲ್ಲ ಕಿತ್ತುಹಾಕಿತು. 1951–52ರ ಮಹಾಚುನಾವಣೆಯಲ್ಲಿ 21 ವರ್ಷ ತುಂಬಿದವರಿಗೆಲ್ಲ ಮತದ ಹಕ್ಕು ದೊರೆಯಿತು. ಶಾಸಕರನ್ನು ಆರಿಸುವ, ಬೇಡವಾದರೆ ಮುಂದಿನ ಚುನಾವಣೆಯಲ್ಲಿ ಕೆಳಗಿಳಿಸುವ ಅಧಿಕಾರ ಜಮೀನಿಲ್ಲದ ಕೂಲಿ ಹೆಣ್ಣುಮಗಳಿಗೂ ಅಂದೇ ಬಂತು.