ಬೇಲಿಗೆ ನಿಲ್ಲದ ಮೆಕ್ಕೆಜೋಳ

ಒಂದು ಜೀವಿಯ ವಂಶವಾಹಿಯನ್ನು, ಅಂದರೆ ಗುಣವನ್ನು ನಿರ್ಧರಿಸುವ ಘಟಕವನ್ನು, ಸಂಬಂಧವೇ ಇಲ್ಲದ ಇನ್ನೊಂದು ಜೀವಿಯೊಳಗೆ ಸೇರಿಸಿ ರೂಪಿಸಿದ ಬೆಳೆಯನ್ನು ಕುಲಾಂತರಿ ಎನ್ನುತ್ತಾರೆ. ಅಮೆರಿಕದ ರೈತರು 1996ರಿಂದ ಬಿತ್ತುತ್ತಿರುವ ಬಿಟಿ ಮೆಕ್ಕೆಜೋಳಕ್ಕೆ ಇಂಥ ವಂಶವಾಹಿ ಬಂದದ್ದು ಬ್ಯಾಸಿಲಸ್ ತುರಿಂಜಿಯೆನ್ಸಿಸ್ (ಬಿಟಿ) ಎಂಬ ಬ್ಯಾಕ್ಟೀರಿಯಾದಿಂದ. 1901ರಲ್ಲಿ ಜಪಾನಿನ ಇಶಿವಾತಾ ಇದನ್ನು ಮೊದಲು ಗುರುತಿಸಿದ್ದು ಸತ್ತ ರೇಷ್ಮೆಹುಳುಗಳಲ್ಲಿ. ಈ ವಂಶವಾಹಿಯಿಂದ ಗಿಡದಲ್ಲೇ ತಯಾರಾಗುವ ಪ್ರೋಟೀನು ಕಾಂಡಕೊರಕದ ಹೊಟ್ಟೆ ಸೇರಿ, ಅಲ್ಲಿನ ಕ್ಷಾರೀಯ ರಸದಲ್ಲಿ ಕರಗಿ, ಕರುಳಿನ ಗೋಡೆಗೆ ಅಂಟಿಕೊಂಡು ರಂಧ್ರ ಕೊರೆಯುವುದರಿಂದ ಹುಳು ಮೇಯುವುದನ್ನು ಬಿಟ್ಟು ಸಾಯುತ್ತದೆ. ಮನುಷ್ಯನ ಜಠರರಸ ಆಮ್ಲೀಯ, ಕರುಳಿನಲ್ಲಿ ಆ ಪ್ರೋಟೀನು ಅಂಟಿಕೊಳ್ಳುವ ನೆಲೆಗಳೂ ಇಲ್ಲ. ಆದ್ದರಿಂದ ಹುಳುವಿಗೆ ವಿಷವಾದದ್ದು ಉಣ್ಣುವವನಿಗೂ ವಿಷ ಎಂಬ ವಾದದಲ್ಲಿ ಹುರುಳಿಲ್ಲ.

ತೊಡಕು ಇರುವುದು ಬೇರೆಡೆ. ಅವೆಂಟಿಸ್ ಕಂಪನಿಯ ಸ್ಟಾರ್‌ಲಿಂಕ್ ಎಂಬ ತಳಿಯ ಪ್ರೋಟೀನು ಶಾಖಕ್ಕೂ ಜೀರ್ಣರಸಕ್ಕೂ ಬೇಗ ಒಡೆಯದು ಎಂಬ ಕಾರಣದಿಂದ, ಅದು ಅಲರ್ಜಿ ತರಬಹುದೆಂದು ಶಂಕಿಸಿ, ಅಲ್ಲಿನ ಸರ್ಕಾರ ಅದನ್ನು ಪಶು ಆಹಾರಕ್ಕೆ ಮಾತ್ರ ಒಪ್ಪಿತ್ತು. ದೇಶದ ಮೆಕ್ಕೆಜೋಳದ ಹೊಲಗಳಲ್ಲಿ ಶೇ 1ಕ್ಕೂ ಕಡಿಮೆ ಜಾಗದಲ್ಲಿದ್ದ ಈ ತಳಿಯ ಕುರುಹು 2000ದ ಸೆಪ್ಟೆಂಬರಿನಲ್ಲಿ ಅಂಗಡಿಯ ಟ್ಯಾಕೊ ಚಿಪ್ಪುಗಳಲ್ಲಿ ಪತ್ತೆಯಾಯಿತು. ಪರಾಗ ಗಾಳಿಯಲ್ಲಿ ಪಕ್ಕದ ಹೊಲಕ್ಕೆ ಹಾರಿತ್ತು, ಕಾಳು ಉಗ್ರಾಣದಲ್ಲಿ ಬೆರೆತಿತ್ತು; ಹಸುವಿನ ಜೋಳ, ಮನುಷ್ಯರ ಜೋಳ ಎಂಬ ಗೆರೆ ಕಡತದಲ್ಲಷ್ಟೇ ಉಳಿದಿತ್ತು. ಮುನ್ನೂರಕ್ಕೂ ಹೆಚ್ಚು ಉತ್ಪನ್ನಗಳನ್ನು ಹಿಂಪಡೆಯಬೇಕಾಯಿತು. ಕಾಯಿಲೆಬಿದ್ದೆವೆಂದು ದೂರಿದವರ ರಕ್ತದಲ್ಲಿ ಆ ಪ್ರೋಟೀನಿಗೆ ಅಲರ್ಜಿ ಇದ್ದ ಪುರಾವೆ ಮರುವರ್ಷದ ತನಿಖೆಯಲ್ಲಿ ಸಿಗಲಿಲ್ಲವಾದರೂ ತಳಿ ಮಾರುಕಟ್ಟೆಯಿಂದ ಹೊರಬಿತ್ತು.

ಹುಳುಗಳೂ ಸುಮ್ಮನಿರಲಿಲ್ಲ. ವಿಷ ತಾಳಿಕೊಂಡ ಹುಳುಗಳು ತಮ್ಮತಮ್ಮಲ್ಲೇ ಕೂಡಿ ಸಂತತಿ ಬೆಳೆಸದಂತೆ ತಡೆಯಲು ಹೊಲದ ಒಂದು ಭಾಗದಲ್ಲಿ ಬಿಟಿಯಲ್ಲದ ಬೆಳೆ ಹಾಕಬೇಕೆಂಬ ನಿಯಮವಿದೆ. ಇದನ್ನು ಆಶ್ರಯ ಬೆಳೆ ಎನ್ನುತ್ತಾರೆ. ಹಾಗಿದ್ದೂ ವರ್ಷವರ್ಷ ಒಂದೇ ಬಿಟಿ ಜೋಳ ಬಿತ್ತಿದ ಅಯೋವಾ ರಾಜ್ಯದ ಹೊಲಗಳಲ್ಲಿ ವಿಷಕ್ಕೆ ಜಗ್ಗದ ಬೇರುಹುಳು ಕಾಣಿಸಿಕೊಂಡದ್ದು 2011ರಲ್ಲಿ ವರದಿಯಾಯಿತು.

ಭಾರತದಲ್ಲಿ ಕುಲಾಂತರಿ ಮೆಕ್ಕೆಜೋಳವನ್ನು ಬೆಳೆಯಲು ಅನುಮತಿ ಇಲ್ಲ. ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ ಕೈಜೋಡಿಸಿದ್ದ ಬಿಟಿ ಬದನೆಗೆ 2010ರಲ್ಲಿ ಕೇಂದ್ರ ಸರ್ಕಾರ ತಡೆಯೊಡ್ಡಿತು. 2002ರಲ್ಲಿ ಬಂದ ಬಿಟಿ ಹತ್ತಿ ಮಾತ್ರ ರಾಯಚೂರಿನಿಂದ ಹಾವೇರಿಯವರೆಗೆ ಹರಡಿತು, ಕೆಲ ವರ್ಷಗಳಲ್ಲಿ ಅದರ ವಿಷಕ್ಕೆ ಜಗ್ಗದ ಗುಲಾಬಿ ಕಾಯಿಕೊರಕವೂ ಕಾಣಿಸಿಕೊಂಡಿತು. ಇಲ್ಲಿ ರೈತನನ್ನಷ್ಟೇ ದೂರುವುದು ಸುಲಭ: ಬೀಜದೊಂದಿಗೆ ಕೊಡುತ್ತಿದ್ದ ಆಶ್ರಯ ಬೆಳೆಯ ಪೊಟ್ಟಣವನ್ನು ಅನೇಕರು ಬಿತ್ತದೆ ಬಿಸಾಡುತ್ತಿದ್ದರು, ಎರಡೆಕರೆಯವನಿಗೆ ಹುಳುವಿಗೆಂದು ಸಾಲು ಬಿಡುವುದು ನಷ್ಟವೇ. ಆದರೆ ಭಾರತದಲ್ಲಿ ಮಾರುವುದು ಹೆಚ್ಚಾಗಿ ಎರಡು ತಳಿಗಳನ್ನು ಕೂಡಿಸಿದ ಹೈಬ್ರಿಡ್ ಹತ್ತಿಬೀಜ. ಅದರಿಂದ ಬೆಳೆದ ಗಿಡದ ಒಂದೇ ಕಾಯಿಯೊಳಗೆ ವಿಷವಿರುವ ಬೀಜವೂ ಇಲ್ಲದ ಬೀಜವೂ ಬೆರೆತಿದ್ದು, ಅರೆಬರೆ ವಿಷ ತಿಂದರೂ ಸಾಯದೆ ಉಳಿದ, ಅದನ್ನು ತುಸು ತಾಳಬಲ್ಲ ಹುಳುಗಳ ಸಂತತಿ ತಲೆಮಾರಿನಿಂದ ತಲೆಮಾರಿಗೆ ಹೆಚ್ಚುತ್ತದೆ.