ನಿಮಗಿದು ಗೊತ್ತೆ? ಗ್ರೀಸ್ ಸುಟ್ಟು ಹೆಸರು ಪಡೆದ ರೇಸ್

1976ರ ಅಕ್ಟೋಬರ್ 21ರಂದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಫೇರ್‌ಫ್ಯಾಕ್ಸ್ ಊರಿನ ಹತ್ತಿರದ ಬೆಟ್ಟದಲ್ಲಿ ಕೆಲವು ಹವ್ಯಾಸಿಗಳು ಸೈಕಲ್ ರೇಸಿಗಿಳಿದರು. ಸುಮಾರು 3 ಕಿ.ಮೀ. ಮಣ್ಣುದಾರಿ, ಅಷ್ಟರಲ್ಲೇ 400 ಮೀಟರ್‌ನಷ್ಟು ಇಳಿಜಾರು. ಏರಿದ್ದು ದಪ್ಪ ಟೈರಿನ ಹಳೇ ಸೈಕಲ್! ಪೆಡಲನ್ನು ಹಿಂದಕ್ಕೆ ತುಳಿದರೆ ಬ್ರೇಕ್ ಹಿಡಿಯುತ್ತಿತ್ತು. ಒತ್ತಿ ಒತ್ತಿ ಹಿಂಚಕ್ರದ ಹಬ್‌ನೊಳಗಿನ ಗ್ರೀಸ್ ಕಾದು ಹೊಗೆಯಾಗಿ ಹೋಗುತ್ತಿತ್ತು. ಕೆಳಗೆ ತಲುಪಿದ ಮೇಲೆ ಹೊಸ ಗ್ರೀಸ್ ತುಂಬಲೇಬೇಕು. ಹೀಗೆ ಮತ್ತೆ ತುಂಬುವುದರಿಂದಲೇ ರೇಸಿಗೆ ‘ರೀಪ್ಯಾಕ್’ ಎಂಬ ಹೆಸರು ಬಂತು. ಮೊದಲ ಸಲ ಗೆದ್ದವರು ಅಲನ್ ಬಾಂಡ್ಸ್. ಗುಟ್ಟೇನು ಗೊತ್ತೆ? ಅಂದು ಬೀಳದೆ ಇಳಿದವರು ಅವರೊಬ್ಬರೇ! ಅಲ್ಲಿ ಅತಿ ಹೆಚ್ಚು ಸಲ ಗೆದ್ದ ಜೋ ಬ್ರೀಜ್ ಬೆಟ್ಟದ ಸವಾರಿಗೆಂದೇ ಹೊಸ ಸೈಕಲ್ ಕಟ್ಟಿದರು. ಬೆಟ್ಟದ ಈ ಸೈಕಲ್ ಸವಾರಿ, ಅಂದರೆ ಮೌಂಟನ್ ಬೈಕಿಂಗ್, 1996ರಲ್ಲಿ ಅಟ್ಲಾಂಟಾ ಒಲಿಂಪಿಕ್ಸ್ ಸೇರಿತು.